ಹಬ್ಬದ ಸಾಲು ಶುರು: ವಂತಿಗೆ, ಉದ್ರಿ, ಬಾಗಿನದ ನಡುವೆ ‘ನಮ್ಮಿಂದ ಇಷ್ಟೇ’ ಅನ್ನೋದು ಹೇಗೆ?

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಯಾವುದೇ ತಾಲ್ಲೂಕು ಕೇಂದ್ರದ ಹೂವಿನ ಸಾಲಿಗೆ ಹೋಗಿ ನಿಂತು ನೋಡಿ. ಕನಕಾಂಬರದ ರೇಟು ಕೇಳಿ ‘ಅಯ್ಯೋ’ ಅಂತ ಮುಂದೆ ಹೋದವರು, ಮೂರು ಕಡೆ ಸುತ್ತಿ ಅದೇ ಹೂವಿನವರ ಹತ್ತಿರ ವಾಪಸ್ ಬರ್ತಾರೆ. ಕಳಶಕ್ಕೆ ಹೂವು ಬೇಕು, ಬೇರೆ ದಾರಿ ಇಲ್ಲ. ಕೊಂಡವರ ಮುಖದಲ್ಲಿ ನಗು ಇಲ್ಲ. ಮಾರುವವರೂ ರಾತ್ರಿಯಿಡೀ ನಿದ್ದೆಗೆಟ್ಟವರೇ.

ಇದು ಸಾಲಿನಲ್ಲಿ ಮೊದಲ ಹಬ್ಬ ಅಷ್ಟೇ. 2025ರ ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿ. ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ, 26 ಮತ್ತು 27ಕ್ಕೆ ಗೌರಿ-ಗಣೇಶ, ಸೆಪ್ಟೆಂಬರ್‌ನಲ್ಲಿ ಪಿತೃಪಕ್ಷ, ಅಕ್ಟೋಬರ್ 1ಕ್ಕೆ ಆಯುಧಪೂಜೆ, 22ಕ್ಕೆ ಬಲಿಪಾಡ್ಯಮಿ. ಮೊದಲ ಹಬ್ಬದಿಂದ ಕೊನೆಯ ಹಬ್ಬಕ್ಕೆ 75 ದಿನ. ಅಷ್ಟರಲ್ಲಿ ತಿಂಗಳ ಸಂಬಳದವರಿಗೆ ಸಂಬಳ ಬಂದಿದ್ದು ಎರಡೇ ಸಲ. ರೈತರ ಮನೆ ಕಥೆ ಇನ್ನೂ ಕಷ್ಟ. ರಾಗಿ ಹೊಲದಲ್ಲಿ, ಭತ್ತ ಗದ್ದೆಯಲ್ಲಿ ನಿಂತಿರುತ್ತೆ, ಕೊಯ್ಲು ದೀಪಾವಳಿ ಆದಮೇಲೆ. ದುಡ್ಡು ಬರೋಕೆ ಮೊದಲೇ ಖರ್ಚು ಬಾಗಿಲಿಗೆ ಬಂದು ನಿಂತಿರುತ್ತೆ.

ಹಬ್ಬ ಅಂದ್ರೆ ಒಂಥರಾ ಎದೆ ಢವಢವ ಅನ್ನೋರು ಅದಕ್ಕೇ ಜಾಸ್ತಿ ಆಗಿದ್ದಾರೆ. ಇದು ಬರೀ ಮನಸ್ಸಿನ ಭ್ರಮೆ ಅಲ್ಲ, ಹಿಂದೆ ಲೆಕ್ಕ ಇದೆ.

ಇಪ್ಪತ್ತು ಸಾವಿರದ ಹಬ್ಬ, ವರ್ಷದ ಬಡ್ಡಿ

ಒಂದು ಮನೆಯವರು ವರಮಹಾಲಕ್ಷ್ಮಿಗೂ ಗೌರಿ ಹಬ್ಬಕ್ಕೂ ಸೇರಿ 20,000 ರೂಪಾಯಿ ಕೈಸಾಲ ತಂದರು ಅಂತ ಇಟ್ಕೊಳ್ಳಿ. ನೂರಕ್ಕೆ ಐದು ರೂಪಾಯಿ ಬಡ್ಡಿ. ತಿಂಗಳಿಗೆ ಬಡ್ಡಿ 1,000 ರೂಪಾಯಿ. ಮುಂದಿನ ವರಮಹಾಲಕ್ಷ್ಮಿ ಬರೋ ಹೊತ್ತಿಗೆ 12,000 ಬಡ್ಡಿನೇ ಕಟ್ಟಿರ್ತಾರೆ, ಅಸಲು 20,000 ಹಾಗೇ ಇರುತ್ತೆ. ಮನೆಯೊಡತಿಗೆ ಗೃಹಲಕ್ಷ್ಮಿ ಹಣ ತಿಂಗಳಿಗೆ 2,000 ಬಂದರೂ ಅದರಲ್ಲಿ ಅರ್ಧ ಈ ಬಡ್ಡಿಗೇ ಹೋಯ್ತು. ಆಮೇಲೆ ಹೊಸ ಹಬ್ಬಕ್ಕೆ ಹೊಸ ಸಾಲ.

ಈ ಸಾಲ ದೇವರಿಗಾಗಿ ಆಗಿದ್ದಾ ಅಂತ ಕೇಳಿದರೆ ಬಹಳ ಮನೆಯಲ್ಲಿ ಉತ್ತರ ಬೇರೆ ಇರುತ್ತೆ. ಕಳಶ, ತೆಂಗಿನಕಾಯಿ, ಹಣ್ಣು, ಹೂವು, ಒಂದು ಸಿಹಿ, ಇಷ್ಟಕ್ಕೆ ಇಪ್ಪತ್ತು ಸಾವಿರ ಆಗಲ್ಲ. ಆಗೋದು ಪಕ್ಕದ ಮನೆಯವರು ಬೆಳ್ಳಿ ಮುಖವಾಡ ತಂದರು ಅಂತ ನಾವೂ ತಂದಾಗ, ಅರಿಶಿನ-ಕುಂಕುಮಕ್ಕೆ ಕರೆದ ಮೂವತ್ತು ಜನಕ್ಕೂ ರವಿಕೆ ಬಟ್ಟೆ ಜೊತೆ ಒಂದು ಸ್ಟೀಲ್ ಡಬ್ಬಿ ಕೊಡಬೇಕು ಅಂದಾಗ, ಹೋದ ವರ್ಷದ ಅಲಂಕಾರದ ಫೋಟೊ ಸ್ಟೇಟಸ್‌ನಲ್ಲಿ ಹಾಕಿದ್ದೀವಿ ಅಂತ ಈ ವರ್ಷ ಅದಕ್ಕಿಂತ ದೊಡ್ಡದು ಮಾಡೋಕೆ ಹೊರಟಾಗ. ‘ನಾಲ್ಕು ಜನ ಏನಂತಾರೆ’ ಅನ್ನೋ ಮಾತಿನ ಬೆಲೆ ಇಲ್ಲಿ ರೂಪಾಯಿ ಲೆಕ್ಕದಲ್ಲೇ ಸಿಗುತ್ತೆ.

ಹಾಗಾಗಿ ಪಟ್ಟಿ ಬರೆಯೋಕೆ ಮುಂಚೆ ಮನೆಯವರೆಲ್ಲ ಕೂತು ಒಂದು ಮಾತು ಆಡಬೇಕು: ಈ ಹಬ್ಬದಲ್ಲಿ ನಮಗೆ ಯಾವುದು ಬಿಡೋಕಾಗಲ್ಲ? ಒಂದು ಮನೆಗೆ ಅದು ಪೂಜೆ. ಇನ್ನೊಂದು ಮನೆಗೆ ಬೆಂಗಳೂರಿನಲ್ಲಿ ಕೆಲಸ ಮಾಡೋ ಮಗ ಎರಡು ದಿನ ಊರಲ್ಲಿರೋದು. ಮತ್ತೊಂದು ಮನೆಗೆ ಅಜ್ಜಿ ಕೈಯಿಂದ ಮೊಮ್ಮಕ್ಕಳಿಗೆ ಹೊಸ ಬಟ್ಟೆ ಕೊಡಿಸೋದು. ಅದಕ್ಕೆ ಮೊದಲು ದುಡ್ಡು ತೆಗೆದಿಡಿ. ಉಳಿದಿದ್ದರಲ್ಲಿ ಉಳಿದಿದ್ದು. ಕೇಳೋಕೆ ಸುಲಭ ಅನ್ಸುತ್ತೆ. ಆದರೆ ಬಹಳ ಮನೆಗಳಲ್ಲಿ ಗಂಡನ ತಲೆಯಲ್ಲಿ ಒಂದು ಪಟ್ಟಿ, ಹೆಂಡತಿ ತಲೆಯಲ್ಲಿ ಇನ್ನೊಂದು, ಅತ್ತೆಯದು ಮೂರನೇದು. ಮೂರೂ ಒಟ್ಟಿಗೆ ಸೇರೋದು ಹಬ್ಬದ ಹಿಂದಿನ ರಾತ್ರಿ, ಜಗಳದ ರೂಪದಲ್ಲಿ.

‘ನೋಡೋಣ’ ಅಂದ್ರೆ ಸಿಕ್ಕಿಹಾಕ್ಕೊಂಡ್ರಿ

ಗಣೇಶನ ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ರಸೀದಿ ಪುಸ್ತಕ ಹಿಡಿದ ಹುಡುಗರು ಅಂಗಡಿ ಸಾಲಿಗೆ ಇಳೀತಾರೆ. ಮುಖ್ಯರಸ್ತೆಯಲ್ಲಿ ಅಂಗಡಿ ಇಟ್ಟವರಿಗೆ ಒಂದಲ್ಲ, ಐದಾರು ಬೀದಿಯ ಗಣೇಶ. ಬಹಳ ಅಂಗಡಿಯವರ ಉತ್ತರ ಒಂದೇ: ‘ನೋಡೋಣ, ನಾಳೆ ಬನ್ರಪ್ಪಾ’. ಅವರು ನಾಳೆ ಬರ್ತಾರೆ. ನಾಡಿದ್ದೂ ಬರ್ತಾರೆ. ಮೂರನೇ ಸಲ ಬಂದಾಗ ಹುಡುಗರಿಗೂ ಸಿಟ್ಟು, ಯಜಮಾನರಿಗೂ ಸಿಟ್ಟು, 200 ಕೊಟ್ಟು ಮುಗಿಯೋದು 1,000ಕ್ಕೆ ಮುಟ್ಟಿರುತ್ತೆ. ನಮ್ಮ ಕಡೆ ‘ನೋಡೋಣ’ ಅನ್ನೋದು ‘ಇಲ್ಲ’ ಅನ್ನೋದರ ಮರ್ಯಾದೆಯ ರೂಪ ಅಂತ ಹೇಳಿದವರಿಗೆ ಗೊತ್ತು. ಕೇಳಿಸಿಕೊಂಡವರು ಅದನ್ನ ‘ಹೂಂ’ ಅಂತಲೇ ತಗೋತಾರೆ.

ಇದಕ್ಕಿಂತ ಮೊದಲೇ ಒಂದು ಮೊತ್ತ ಗೊತ್ತು ಮಾಡ್ಕೊಳ್ಳೋದು ವಾಸಿ. ಈ ವರ್ಷ ಎಲ್ಲ ಗಣೇಶನಿಗೂ ಸೇರಿ ಇಷ್ಟು, ನಮ್ಮ ಬೀದಿಯದಕ್ಕೆ ಇಷ್ಟು, ಬೇರೆಯವಕ್ಕೆ ತಲಾ ಇಷ್ಟು. ಹುಡುಗರು ಮೊದಲ ಸಲ ಬಂದಾಗಲೇ, ಮುಖ ಗಂಟು ಹಾಕದೆ, ‘ತಮ್ಮಾ, ಈ ಸಲ ನನ್ನ ಕಡೆಯಿಂದ 200. ಎಲ್ಲರಿಗೂ ಇಷ್ಟೇ ಇಟ್ಟಿದ್ದೀನಿ. ರಸೀದಿ ಬರಿ’ ಅಂದುಬಿಡಿ. ಕಾರಣ ಜಾಸ್ತಿ ಹೇಳೋಕೆ ಹೋಗಬೇಡಿ. ವ್ಯಾಪಾರ ಇಲ್ಲ ಅಂದ್ರೆ ‘ನಿನ್ನೆ ತಾನೇ ರಶ್ ಇತ್ತಲ್ಲಣ್ಣ’ ಅಂತಾರೆ, ಅಲ್ಲಿಂದ ವಾದ ಶುರು. ದುಡ್ಡಿನ ಬದಲು ಒಂದು ದಿನದ ಪ್ರಸಾದದ ಅಕ್ಕಿ, ಕುಡಿಯೋ ನೀರಿನ ಕ್ಯಾನ್ ಕೊಡ್ತೀನಿ ಅನ್ನೋದೂ ಆಗುತ್ತೆ. ಕಿರಾಣಿಯವರಿಗೆ ಅದು ಸುಲಭ. ಕೊಡದಿದ್ದರೆ ನೋಡ್ಕೋತೀವಿ ಅಂತ ಹೆದರಿಸಿದರೆ ಮಾತ್ರ ಅದು ವಂತಿಗೆ ಅಲ್ಲ. 112ಕ್ಕೆ ಫೋನ್ ಮಾಡಬಹುದು.

ಸಂಬಂಧಿಕರ ವಿಷಯ ಇಷ್ಟು ನೇರ ಅಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುತ್ತೆ ಅಂತ ಹೆಣ್ಣುಮಕ್ಕಳು ಕಾಯ್ತಾರೆ. ಅಣ್ಣನ ಕೈ ಈ ವರ್ಷ ಖಾಲಿ ಇದ್ದರೆ ಆತ ಸುಮ್ಮನಾಗಿಬಿಡ್ತಾನೆ, ಫೋನೂ ಎತ್ತಲ್ಲ. ತಂಗಿಗೆ ನೋವಾಗೋದು ಸೀರೆ ಬರಲಿಲ್ಲ ಅಂತಲ್ಲ, ಅಣ್ಣ ಮಾತಾಡಲಿಲ್ಲ ಅಂತ. ‘ಈ ಸಲ ಸೀರೆ ತರೋಕೆ ಆಗಲ್ಲ ಕಣಮ್ಮ, ಬಳೆ, ಅರಿಶಿನ-ಕುಂಕುಮ, ಕಾಯಿ ಇಟ್ಟು ಬಾಗಿನ ತಗೊಂಡು ನಾನೇ ಬರ್ತೀನಿ’ ಅಂತ ವಾರ ಮುಂಚೆ ಹೇಳಿದರೆ ಆಕೆಗೂ ಅತ್ತೆ ಮನೆಯಲ್ಲಿ ಉತ್ತರ ಕೊಡೋಕೆ ಸಮಯ ಸಿಗುತ್ತೆ. ಬಾಗಿನದಲ್ಲಿ ಮೊರ, ಬಳೆ, ಧಾನ್ಯಕ್ಕಿರೋ ಜಾಗ ರೇಷ್ಮೆ ಸೀರೆಗೆ ಮೊದಲಿನಿಂದ ಇರಲಿಲ್ಲ ಅನ್ನೋದು ಮನೆಯ ಹಿರಿಯರನ್ನ ಕೇಳಿದರೆ ಗೊತ್ತಾಗುತ್ತೆ.

ಅಡುಗೆಮನೆ ಕಥೆ ಹೇಳದಿದ್ದರೆ ಈ ಲೆಕ್ಕ ಅರ್ಧ. ಹೋಳಿಗೆ, ಕಡುಬು, ಕರ್ಜಿಕಾಯಿ, ಅದರ ಮೇಲೆ ಊಟ, ಊಟದ ಮೇಲೆ ಪಾತ್ರೆ. ಕೆಲಸಕ್ಕೆ ಹೋಗೋ ಸೊಸೆಗೆ ಗಾರ್ಮೆಂಟ್ಸ್‌ನಲ್ಲಿ ರಜೆ ಸಿಗೋದೇ ಒಂದು ದಿನ. ಅಂಥ ಮನೆಯಲ್ಲಿ ಮೂರು ಸಿಹಿಯಲ್ಲಿ ಒಂದನ್ನ ಬಿಡೋದು ದೇವರಿಗೆ ಅಪಚಾರ ಆಗಲ್ಲ. ‘ಅತ್ತೆ, ಹೋಳಿಗೆ ಮನೇಲೇ ಮಾಡೋಣ, ಉಳಿದಿದ್ದು ಅಂಗಡಿಯಿಂದ ತರೋಣ, ಕಾಯಿ ತುರಿಯೋದು ನಿಮ್ಮ ಮಗ ಮಾಡಲಿ’ ಅನ್ನೋ ಮಾತು ಹಬ್ಬದ ದಿನ ಬಂದರೆ ಕೋಪದ್ದಾಗಿರುತ್ತೆ, ನಾಲ್ಕು ದಿನ ಮುಂಚೆ ಬಂದರೆ ಏರ್ಪಾಡು. (ಗಂಡಸರು ಕಾಯಿ ತುರಿದರೆ ತಪ್ಪೇನಿಲ್ಲ. ಮದುವೆಮನೆಗಳಲ್ಲಿ ಅಡುಗೆ ಭಟ್ಟರೆಲ್ಲ ಗಂಡಸರೇ.)

ಗಲ್ಲಾಪೆಟ್ಟಿಗೆ ಹಿಂದೆ ಕೂತವರಿಗೆ

‘ಇಂದು ನಗದು, ನಾಳೆ ಉದ್ರಿ’ ಬೋರ್ಡು ಇಲ್ಲದ ಕಿರಾಣಿ ಅಂಗಡಿ ಕಡಿಮೆ. ಆ ಬೋರ್ಡನ್ನ ಯಾರೂ ಓದಲ್ಲ ಅನ್ನೋದು ಹಾಕಿದವರಿಗೂ ಗೊತ್ತು. ಹಬ್ಬದ ಹೊತ್ತಲ್ಲಿ ಹಳೇ ಗಿರಾಕಿ ಬಂದು ‘ಅಣ್ಣ, ಬರಕೊಳ್ಳಿ, ಹಬ್ಬ ಮುಗೀಲಿ’ ಅಂದಾಗ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಅವರು ಹತ್ತು ವರ್ಷದ ಗಿರಾಕಿ, ಇವತ್ತು ಇಲ್ಲ ಅಂದರೆ ನಾಳೆ ಎದುರಿನ ಅಂಗಡಿಗೆ ಹೋಗ್ತಾರೆ. ಆದರೆ ಹೋಲ್‌ಸೇಲ್‌ನವರು ಸರಕಿಗೆ ವಾರದಲ್ಲಿ ದುಡ್ಡು ಕೇಳ್ತಾರೆ. ಅವರ ಹತ್ತಿರ ಹಬ್ಬದ ನೆಪ ನಡೆಯಲ್ಲ.

ಇಲ್ಲೂ ದಾರಿ ಅದೇ. ಒಂದು ಮನೆಗೆ ಉದ್ರಿ ಎಷ್ಟರವರೆಗೆ ಅನ್ನೋದನ್ನ ಶ್ರಾವಣ ಶುರುವಾಗೋ ಮೊದಲೇ ತೀರ್ಮಾನ ಮಾಡಿ, ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಬರೆದಿಡಿ. ಎಣ್ಣೆ, ಬೇಳೆ, ಬೆಲ್ಲ, ಅಕ್ಕಿಗೆ ಉದ್ರಿ ಉಂಟು, ಗಿಫ್ಟ್ ಐಟಂಗೆ, ಪಟಾಕಿಗೆ ಇಲ್ಲ ಅನ್ನೋದು ಒಂದು ಗೆರೆ. ‘ಅಕ್ಕ, ಹಬ್ಬದ ಅಡುಗೆಗೆ ಏನು ಬೇಕೋ ತಗೊಂಡು ಹೋಗಿ, 2,000ದವರೆಗೆ ಬರ್ಕೋತೀನಿ. ಅದರ ಮೇಲಿಂದಕ್ಕೆ ಮಾತ್ರ ಕ್ಯಾಶ್’ ಅಂದರೆ ಅಕ್ಕನಿಗೆ ಅವಮಾನ ಆಗಲ್ಲ, ಅಂಗಡಿಯೂ ಉಳಿಯುತ್ತೆ. ಎಲ್ಲರೆದುರು ಹೇಳಬಾರದು ಅಷ್ಟೇ.

ಅಂಗಡಿ ಹುಡುಗರ ವಿಷಯಕ್ಕೂ ಗೆರೆ ಬೇಕು, ಇದು ಯಜಮಾನರು ತಮಗೆ ತಾವೇ ಹಾಕ್ಕೋಬೇಕಾದ್ದು. ದೀಪಾವಳಿ ವಾರದಲ್ಲಿ ಬಟ್ಟೆ ಅಂಗಡಿ ಹುಡುಗ-ಹುಡುಗಿಯರು ಬೆಳಗ್ಗೆ ಬಂದವರು ರಾತ್ರಿ ಹತ್ತಾದರೂ ನಿಂತೇ ಇರ್ತಾರೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಅನ್ನೋದು ಅದರಲ್ಲೇ ಇದೆ. ಕಾನೂನಿನ ಪ್ರಕಾರ ಬೋನಸ್ ಕಡ್ಡಾಯ ಆಗೋದು 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ. ಅಲ್ಲಿ ಕನಿಷ್ಠ ಶೇ 8.33. ನಮ್ಮ ತಾಲ್ಲೂಕು ಮಟ್ಟದ ಅಂಗಡಿಗಳಲ್ಲಿ ಇರೋದು ಮೂರೋ ನಾಲ್ಕೋ ಜನ, ಹಾಗಾಗಿ ಇಲ್ಲಿ ಬೋನಸ್ ಅಂದ್ರೆ ಯಜಮಾನರ ಮನಸ್ಸು. ಎಷ್ಟು ಕೊಡ್ತೀರಿ, ಯಾವತ್ತು ಕೊಡ್ತೀರಿ ಅನ್ನೋದನ್ನ ಆಯುಧಪೂಜೆ ದಿನ ಪುರಿ-ಕಡ್ಲೆ ಪೊಟ್ಟಣದ ಜೊತೆ ಕವರ್ ಕೊಡುವವರೆಗೂ ಗುಟ್ಟಾಗಿ ಇಡಬೇಡಿ. ಅದನ್ನ ನಂಬ್ಕೊಂಡು ಆ ಹುಡುಗನೂ ಯಾರಿಗೋ ಮಾತು ಕೊಟ್ಟಿರ್ತಾನೆ.

ಸಾಲದವರು ಬಾಗಿಲಿಗೆ ಬಂದರೆ

ಹಬ್ಬದ ವಾರದಲ್ಲೂ ಸಂಘದ ಕಂತು, ಮೈಕ್ರೋ ಫೈನಾನ್ಸ್ ಕಂತು ನಿಲ್ಲಲ್ಲ. ಕಟ್ಟಬೇಕಾದ್ದು ಕಟ್ಟಲೇಬೇಕು. ಆದರೆ ವಸೂಲಿಗೂ ಒಂದು ಮಿತಿ ಇದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋ ಫೈನಾನ್ಸ್ ಸಾಲಗಾರರಿಗೆ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ಫೋನ್ ಮಾಡಿ ಪೀಡಿಸುವಂತಿಲ್ಲ. ನೆಂಟರ ಎದುರು ಬಂದು ಅವಾಚ್ಯವಾಗಿ ಮಾತಾಡುವಂತಿಲ್ಲ. ಬಲವಂತದ ವಸೂಲಿ ವಿರುದ್ಧ ರಾಜ್ಯ ಸರ್ಕಾರ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಕಂತು ತಪ್ಪುತ್ತೆ ಅನ್ನಿಸಿದರೆ ಬಾಗಿಲು ಹಾಕ್ಕೊಂಡು ಕೂರೋ ಬದಲು ಮುಂಚೆಯೇ ಹೋಗಿ ದಿನ ಕೇಳೋದು ಒಳ್ಳೇದು. ಒಂದು ಕಂತು ತೀರಿಸೋಕೆ ಇನ್ನೊಂದು ಕಡೆ ಸಾಲ ಮಾಡೋದು ಮಾತ್ರ ಬೇಡ.

ಹಬ್ಬ ಹತ್ತಿರ ಬಂದಂತೆ ನಿದ್ದೆ ಬಾರದಿರೋದು, ಸಣ್ಣ ಮಾತಿಗೂ ಮಕ್ಕಳ ಮೇಲೆ ಕೈ ಎತ್ತೋದು, ಊಟ ಸೇರದಿರೋದು, ‘ಎಲ್ಲಾ ಬಿಟ್ಟು ಎಲ್ಲಾದರೂ ಹೋಗಿಬಿಡೋಣ’ ಅನ್ನಿಸೋದು ದಿನಾ ಆಗ್ತಿದ್ದರೆ ಅದನ್ನ ‘ಹಬ್ಬದ ಸುಸ್ತು’ ಅಂತ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದು, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ಹಗಲು-ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ.

ಮಧ್ಯೆ ಸಿಗೋ ಹದಿನೈದು ದಿನ

ಗಣೇಶ ಮುಗಿದು ನವರಾತ್ರಿ ಶುರುವಾಗೋ ನಡುವೆ ಪಿತೃಪಕ್ಷ ಬರುತ್ತೆ. ಎಡೆಗೆ ಇಡೋ ಪಂಚೆ-ಸೀರೆ, ಮಟನ್ ಅಂಗಡಿ ಬಿಟ್ಟರೆ ಪೇಟೆ ತಣ್ಣಗಿರುತ್ತೆ. ಚಿನ್ನ ಕೊಳ್ಳಲ್ಲ, ಗಾಡಿ ಬಿಡಿಸಲ್ಲ, ಶುಭಕಾರ್ಯ ಇಲ್ಲ. ವ್ಯಾಪಾರ ಇಲ್ಲ ಅಂತ ಅಂಗಡಿಯವರು ಬೇಜಾರು ಮಾಡ್ಕೊಳ್ಳೋ ಇದೇ ಹದಿನೈದು ದಿನ ಉದ್ರಿ ಪುಸ್ತಕ ತೆಗೆದು ಕೂರೋಕೆ ಒಳ್ಳೇ ಸಮಯ. ಯಾರದ್ದು ಎಷ್ಟು ನಿಂತಿದೆ, ಯಾರನ್ನ ಈಗಲೇ ಕೇಳಬೇಕು, ಯಾರ ಮನೆಯಲ್ಲಿ ಈ ಸಲ ಕಷ್ಟ ಇದೆ ಅನ್ನೋದು ಅಲ್ಲೇ ಕಾಣುತ್ತೆ. ಮನೆಗಳಲ್ಲೂ ಅಷ್ಟೇ. ಎರಡು ಹಬ್ಬಕ್ಕೆ ನಿಜವಾಗಿ ಎಷ್ಟಾಯ್ತು ಅಂತ ಒಂದು ಹಾಳೆಯಲ್ಲಿ ಬರೆದುನೋಡಿ. ದೀಪಾವಳಿಗೆ ಯಾರನ್ನ ಕರೀಬೇಕು, ಅಳಿಯನಿಗೆ ಏನು ಕೊಡಬೇಕು, ಪಟಾಕಿ ಎಷ್ಟಕ್ಕೆ ಅನ್ನೋ ಮಾತನ್ನ ಮಹಾಲಯ ಅಮಾವಾಸ್ಯೆ ಒಳಗೇ ಮುಗಿಸಿಕೊಂಡರೆ, ಆಯುಧಪೂಜೆ ದಿನ ಗಾಡಿಗೆ ಕುಂಬಳಕಾಯಿ ಒಡೆಯೋ ಹೊತ್ತಿಗೆ ಮನೆಯಲ್ಲಿ ಯಾರೂ ಯಾರ ಮೇಲೂ ರೇಗಾಡ್ತಾ ಇರಲ್ಲ.