ಹಾಲಿನ ಮೇಲೊಂದು ಆರೋಪ

(ಆಕಾಶವಾಣಿ ಭಾಷಣದ ಬರಹರೂಪ)

ಕನ್ನಡದಲ್ಲಿ 'ಒಗ್ಗು' ಎಂಬುದೊಂದು ಬಹು ಉಪಯುಕ್ತವಾದ ಕ್ರಿಯಾಪದ. ಊರು ಒಗ್ಗುತ್ತದೆ, ನೀರು ಒಗ್ಗುತ್ತದೆ, ಹೊಸ ಸೊಸೆಗೆ ಅತ್ತೆಯ ಮನೆ ಒಗ್ಗುತ್ತದೆ. ಒಗ್ಗದಿದ್ದರೆ ಅದನ್ನೂ ಅದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಮನೆಮಾತಿಗೆ ಧಾರಾಳವಾಗಿ ಸಾಕಾಗುವ ಈ ಪದ ದೇಹದ ವಿಚಾರಕ್ಕೆ ಬಂದಾಗ ಮಾತ್ರ ಸಾಲದಾಗುತ್ತದೆ. 'ಹಾಲು ಒಗ್ಗುವುದಿಲ್ಲ' ಎಂಬ ಮಾತನ್ನೇ ನೋಡಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರೂ ಇದನ್ನೇ ಆಡುತ್ತಾರೆ. ಹಾಲು ತಾಗಿದೊಡನೆ ತುಟಿ ಊದಿಕೊಳ್ಳುವ ಕೂಸಿನ ತಾಯಿಯೂ ಇದನ್ನೇ ಆಡುತ್ತಾಳೆ. ಬಿಸಿಲಲ್ಲಿ ನಡೆದು ಬಂದು ಮೈತುಂಬ ಗಂಧೆ ಎದ್ದ ಹುಡುಗನ ಮನೆಯವರೂ, ಅವನು ಬೆಳಿಗ್ಗೆ ಹಾಲು ಕುಡಿದಿದ್ದನೆಂದು ನೆನಪಾದೊಡನೆ, ಇದನ್ನೇ ಆಡುತ್ತಾರೆ. ಮಾತು ಒಂದು, ಸಂಗತಿಗಳು ಮೂರು. ಈ ಮೂರನೆಯ ಸಂಗತಿಯಲ್ಲಿ ಹಾಲಿನ ಮೇಲೆ ಹೊರಿಸುವ ಆರೋಪ ಎಷ್ಟು ನಿಜ, ಎಷ್ಟು ಊಹೆ ಎಂಬುದೇ ಇಂದಿನ ವಿಚಾರ. ವೈದ್ಯ ನನ್ನ ವೃತ್ತಿಯಲ್ಲ. ಆದರೆ ಒಂದೇ ಪದದೊಳಗೆ ಅಡಗಿದ ಹಲವು ಅರ್ಥಗಳನ್ನು ಬಿಡಿಸುವ ಕೆಲಸ ನನಗೆ ಹೊಸದಲ್ಲ.

ಬೆಳಗಾವಿಯ ಕಡೆ ಹಾಲಿನ ಮೇಲಿನ ಆರೋಪ ಸಣ್ಣ ಮಾತಲ್ಲ. ಬೆಳಗಾವಿಯ ಹೆಸರು ಹೇಳಿದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕುಂದಾ. ಅದು ಹಾಲು ಕಾದು ಕಾದು ಕಂದುಬಣ್ಣಕ್ಕೆ ತಿರುಗಿದ ಸಿಹಿ. ಖಾನಾಪುರದ ಕಾಡಂಚಿನಲ್ಲಿ ಎಮ್ಮೆಗಳನ್ನೇ ನಂಬಿ ಬದುಕಿದ ಗೌಳಿಗರ ವಾಡೆಗಳಿವೆ. ತಾಲೀಮಿನ ಪೈಲ್ವಾನನಿಗೆ ಹಾಲು ಬರಿಯ ಪಾನೀಯವಲ್ಲ, ಖುರಾಕು. ಇಂಥ ಸೀಮೆಯಲ್ಲಿ ಬೆಳೆಯುವ ಹುಡುಗ ಹುಡುಗಿಯರಿಗೆ 'ಇನ್ನು ಹಾಲು, ಮೊಸರು, ಮಜ್ಜಿಗೆ ಯಾವುದೂ ಬೇಡ' ಎಂದು ತೀರ್ಪು ಕೊಡುವ ಮೊದಲು ವಿಚಾರಣೆಯಾದರೂ ಸರಿಯಾಗಿ ನಡೆಯಬೇಕಲ್ಲವೆ?

ಮೊದಲು ಗಂಧೆಯನ್ನು ನೋಡೋಣ. ಬೆಳಗಾವಿಯಲ್ಲಿ ಕನ್ನಡಿಗರಿಗೂ ಮರಾಠಿಗರಿಗೂ ಈ ವಿಷಯದಲ್ಲಿ ಭಾಷಾಭೇದವಿಲ್ಲ. ಮೈಮೇಲೆ 'ಪಿತ್ತ ಎದ್ದಿದೆ' ಎಂಬುದೇ ಇಬ್ಬರ ಮಾತು. ಕೋಕಮ್ ಸಿಪ್ಪೆ ನೆನೆಸಿದ ನೀರನ್ನು ಮೈಗೆ ಸವರುವವರಿದ್ದಾರೆ, ಕಂಬಳಿ ಹೊದಿಸುವವರೂ ಇದ್ದಾರೆ. ಆಯುರ್ವೇದದ 'ಮಾಧವನಿದಾನ' ಶೀತಪಿತ್ತ, ಉದರ್ದ, ಕೋಠ ಎಂಬ ಮೂರನ್ನು ಒಂದೇ ಅಧ್ಯಾಯದಲ್ಲಿ ಹೇಳುತ್ತದೆ. ಅಲ್ಲಿ ಶೀತಪಿತ್ತಕ್ಕೆ ಕಾರಣವೆಂದು ಹೇಳಿರುವುದು ತಣ್ಣನೆಯ ಗಾಳಿಯ ಸೋಂಕನ್ನು. ಹೆಸರಿನಲ್ಲಿಯೇ ಶೀತವಿದೆ. ನಾವು ಮಾತಾಡುತ್ತಿರುವ ಗಂಧೆ ಇದಕ್ಕೆ ತಿರುವುಮುರುವಾದದ್ದು. ಮೈ ಕಾದಾಗ ಏಳುವಂಥದು. ಅದಕ್ಕೆ ಕಂಬಳಿ ಹೊದಿಸುವುದು ಉರಿಯುವ ಒಲೆಗೆ ಸೌದೆ ಇಟ್ಟಂತೆ.

ಇಂದಿನ ವೈದ್ಯಶಾಸ್ತ್ರ ಇದನ್ನು ಕೋಲಿನರ್ಜಿಕ್ ಅರ್ಟಿಕೇರಿಯಾ ಎಂದು ಕರೆಯುತ್ತದೆ. ಅಮೆರಿಕದ ಡ್ಯೂಕ್ ಎಂಬ ವೈದ್ಯ ಇದನ್ನು 1924ರಲ್ಲಿ ವಿವರಿಸಿದ. ಲಕ್ಷಣಗಳು ಸ್ಪಷ್ಟವಾಗಿವೆ. ಸಾಸಿವೆಯಿಂದ ಸಜ್ಜೆಕಾಳಿನಷ್ಟು ಗಾತ್ರದ ಸಣ್ಣ ಸಣ್ಣ ಗಂಧೆಗಳು, ಪ್ರತಿಯೊಂದರ ಸುತ್ತಲೂ ಅಗಲವಾದ ಕೆಂಪು; ಮುಳ್ಳು ಚುಚ್ಚಿದಂಥ ನವೆ. ಓಡಿದರೆ, ಬಿಸಿನೀರು ಮಿಂದರೆ, ಖಾರ ಉಂಡರೆ, ಸಿಟ್ಟು ಬಂದರೆ, ಪರೀಕ್ಷೆಯ ಕೊಠಡಿಗೆ ಕಾಲಿಟ್ಟರೆ ಕೆಲವೇ ನಿಮಿಷಗಳಲ್ಲಿ ಏಳುತ್ತವೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಗುರುತೂ ಇಲ್ಲದಂತೆ ಅಡಗುತ್ತವೆ. ಇದು ಹೆಚ್ಚಾಗಿ ತೊಡಗುವುದು ಹರೆಯದಲ್ಲಿ. ಆರು ವಾರಗಳಿಗೆ ಮೀರಿ ಮರುಕಳಿಸುತ್ತಿದ್ದರೆ ವೈದ್ಯರು ಅದನ್ನು ದೀರ್ಘಕಾಲಿಕವೆಂದು ಎಣಿಸುತ್ತಾರೆ. ಹಲವರಲ್ಲಿ ಇದು ವರ್ಷಗಟ್ಟಲೆ ಉಳಿಯುತ್ತದೆ.

ಏಕೆ ಹೀಗಾಗುತ್ತದೆ? ಮೈ ಕಾದಾಗ ಮಿದುಳು ಬೆವರಿನ ಗ್ರಂಥಿಗಳಿಗೆ ನರಗಳ ಮೂಲಕ ಅಪ್ಪಣೆ ಕಳಿಸುತ್ತದೆ. ಆ ಅಪ್ಪಣೆಯನ್ನು ನರದ ತುದಿಯಿಂದ ಗ್ರಂಥಿಗೆ ಮುಟ್ಟಿಸುವ ದೂತ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ನರಗಳು ಹೀಗೆ ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂಬುದನ್ನು ಆಟೋ ಲೋವಿ 1921ರಲ್ಲಿ ಕಪ್ಪೆಯ ಹೃದಯದ ಮೇಲೆ ಪ್ರಯೋಗಮಾಡಿ ತೋರಿಸಿದ. 1936ರಲ್ಲಿ ಅವನಿಗೂ ಹೆನ್ರಿ ಡೇಲನಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಇನ್ನೊಂದು ಕಡೆ, ಚರ್ಮದಲ್ಲಿ ಮಾಸ್ಟ್ ಕೋಶಗಳೆಂಬ ಕಾವಲುಗಾರರಿದ್ದಾರೆ. 1878ರಲ್ಲಿ ಪಾಲ್ ಎರ್ಲಿಕ್ ಇವನ್ನು ಬಣ್ಣ ಹಾಕಿ ಗುರುತಿಸಿದ. ಈ ಕೋಶಗಳ ಉಗ್ರಾಣದಲ್ಲಿ ಹಿಸ್ಟಮಿನ್ ತುಂಬಿರುತ್ತದೆ. ಅದು ಹೊರಬಿದ್ದರೆ ರಕ್ತನಾಳಗಳು ಹಿಗ್ಗಿ, ನೀರು ಒಸರಿ, ಗಂಧೆ ಏಳುತ್ತದೆ. ಬೆವರಿನ ಅಪ್ಪಣೆ ಹೊರಟಾಗ ಈ ಉಗ್ರಾಣದ ಬಾಗಿಲು ಏಕೆ ತೆರೆಯಬೇಕು ಎಂಬುದಕ್ಕೆ ಉತ್ತರ ಎಲ್ಲರಲ್ಲಿಯೂ ಒಂದೇ ಅಲ್ಲ. ಕೆಲವರಿಗೆ ತಮ್ಮ ಬೆವರೇ ಅಲರ್ಜಿ. ಜಪಾನಿನ ಹಿರೋಶಿಮಾದ ಸಂಶೋಧಕರು 2013ರಲ್ಲಿ, ಚರ್ಮದ ಮೇಲೆ ಸಹಜವಾಗಿ ವಾಸಿಸುವ ಒಂದು ಶಿಲೀಂಧ್ರದ ಪ್ರೋಟೀನು ಬೆವರಿನಲ್ಲಿ ಬೆರೆತು ಈ ಕೆಲಸ ಮಾಡುತ್ತದೆಂದು ಕಂಡುಕೊಂಡರು. ಇನ್ನು ಕೆಲವರಿಗೆ ಬೆವರು ಸರಿಯಾಗಿ ಹೊರಡುವುದೇ ಇಲ್ಲ. ಇಂಥವರಿಗೆ ಬೇಸಗೆಗಿಂತ ಚಳಿಗಾಲವೇ ಹೆಚ್ಚು ಕಷ್ಟ. ಬೆಳಗಾವಿಯಂಥ ತಂಪು ಊರಿನಲ್ಲಿ, ಮಾರ್ಗಶಿರ ಪುಷ್ಯಗಳ ಬೆಳಗಿನಲ್ಲಿ, ದಿನಗಟ್ಟಲೆ ಬೆವರದ ಮೈಗೆ ಹಂಡೆಯ ಬಿಸಿನೀರು ಬಿದ್ದಾಗ ಗಂಧೆ ಏಳುವುದರ ಮರ್ಮ ಇದು.

ಗಮನಿಸಿ, ಇಷ್ಟು ದೂರದ ಕಥೆಯಲ್ಲಿ ಹಾಲು ಎಲ್ಲಿಯೂ ಬರಲಿಲ್ಲ. ಈಗ ಅದನ್ನು ಕಟಕಟೆಗೆ ಕರೆಯೋಣ.

ಹಾಲು ಎರಡು ಬೇರೆ ಬೇರೆ ದಾರಿಗಳಲ್ಲಿ ಒಗ್ಗದಿರಬಹುದು. ಮೊದಲನೆಯದು ಹಾಲಿನ ಸಕ್ಕರೆಯ ದಾರಿ. ಲ್ಯಾಕ್ಟೋಸ್ ಎಂಬ ಈ ಸಕ್ಕರೆಯನ್ನು ಅರಗಿಸಲು ಸಣ್ಣಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಕೂಸುಗಳಲ್ಲಿ ಅದು ಹೇರಳ. ಬೆಳೆದ ಮೇಲೆ ಬಹು ಜನರಲ್ಲಿ ತಗ್ಗುತ್ತದೆ. ದನ ಸಾಕಿ ಹಾಲುಂಡು ಬದುಕಿದ ಜನಾಂಗಗಳಲ್ಲಿ ಅದು ತಗ್ಗದೆ ಉಳಿಯುವುದುಂಟು. ಭಾರತದಲ್ಲಿ ಈ ಗುಣ ವಾಯವ್ಯದ ಕಡೆ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ಆದ್ದರಿಂದ ನಮ್ಮಲ್ಲಿ ಹಾಲು ಕುಡಿದು ಹೊಟ್ಟೆ ಗುಡುಗುವವರು ವಿರಳವಲ್ಲ. ಆದರೆ ಈ ತೊಂದರೆ ಹೊಟ್ಟೆಯದು. ಉಬ್ಬರ, ನುಲಿತ, ಭೇದಿ ಇದರ ಭಾಷೆ. ಚರ್ಮದ ಗಂಧೆ ಇದರ ಭಾಷೆಯಲ್ಲ. ಇಂಥವರಲ್ಲಿಯೂ ಬಹಳ ಮಂದಿ ಒಂದು ಸಲಕ್ಕೆ ಒಂದು ಲೋಟ ಹಾಲನ್ನು, ಎಂದರೆ ಸುಮಾರು 12 ಗ್ರಾಂ ಲ್ಯಾಕ್ಟೋಸನ್ನು, ತಾಳಿಕೊಳ್ಳಬಲ್ಲರು. ಮೊಸರಾಗುವಾಗ ಸೂಕ್ಷ್ಮಜೀವಿಗಳು ಈ ಸಕ್ಕರೆಯ ಒಂದು ಪಾಲನ್ನು ತಾವೇ ತಿಂದಿರುತ್ತವೆ. ಉಳಿದುದನ್ನು ಕರುಳಿನಲ್ಲಿ ಅರಗಿಸಲೂ ನೆರವಾಗುತ್ತವೆ. ಹಾಲು ಒಗ್ಗದವನಿಗೆ ಮೊಸರು ಒಗ್ಗುವುದರ ಗುಟ್ಟು ಇದೇ. ಕುಂದಾ ಮಾತ್ರ ಬೇರೆ. ಅಲ್ಲಿ ಬತ್ತುವುದು ನೀರು. ಹಾಲಿನ ಸಕ್ಕರೆ ಒತ್ತಾಗಿ ಉಳಿಯುತ್ತದೆ.

ಎರಡನೆಯದು ಹಾಲಿನ ಪ್ರೋಟೀನಿನ ದಾರಿ. ಇದೇ ನಿಜವಾದ ಅಲರ್ಜಿ. ದೇಹದ ರಕ್ಷಣಾವ್ಯವಸ್ಥೆ ಹಾಲಿನ ಕೇಸಿನನ್ನೋ ತಿಳಿಯ ಪ್ರೋಟೀನನ್ನೋ ಶತ್ರುವೆಂದು ಬಗೆದು ಮಾಸ್ಟ್ ಕೋಶಗಳ ಬಾಗಿಲು ತೆರೆಸುತ್ತದೆ. ಇಲ್ಲಿ ಗಂಧೆ ಏಳುತ್ತದೆ, ನಿಜ. ಆದರೆ ಅದು ಏಳುವುದು ಹಾಲು ಹೊಟ್ಟೆಗೆ ಹೋದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ, ಸಾಮಾನ್ಯವಾಗಿ ದೊಡ್ಡ ದೊಡ್ಡ ದದ್ದುಗಳಾಗಿ. ಮೈ ಬೆವರಲಿ ಬೆವರದಿರಲಿ ಏಳುತ್ತದೆ. ಈ ಅಲರ್ಜಿ ಹೆಚ್ಚಾಗಿ ಎಳೆಯ ಮಕ್ಕಳದು. ಬಹುಪಾಲು ಮಕ್ಕಳು ಬೆಳೆಯುತ್ತ ಇದನ್ನು ದಾಟುತ್ತಾರೆ. ಹಸುವಿನ ಹಾಲು ಬಿಟ್ಟು ಎಮ್ಮೆಯ ಹಾಲು ಹಿಡಿದರೂ ಸಾಮಾನ್ಯವಾಗಿ ಲಾಭವಿಲ್ಲ, ಎರಡರ ಪ್ರೋಟೀನುಗಳೂ ಅಕ್ಕತಂಗಿಯರು. ಕಾಯಿಸಿದರೂ ಕೇಸಿನ್ ಸುಲಭವಾಗಿ ಕೆಡುವುದಿಲ್ಲ.

ಹಾಗಾದರೆ ಉಷ್ಣದ ಗಂಧೆಗೆ ಹಾಲೇ ಕಾರಣವೆಂಬ ಭಾವನೆ ಹುಟ್ಟಿದ್ದು ಹೇಗೆ? ತಾಲೀಮಿನ ಹುಡುಗನನ್ನೇ ಉದಾಹರಣೆಗೆ ಕಲ್ಪಿಸಿಕೊಳ್ಳಿ. ನಸುಕಿನಲ್ಲಿ ನೂರಾರು ದಂಡ, ಬೈಠಕ್. ಆ ಮೇಲೆ ಬಾದಾಮಿ ಅರೆದು ಹಾಕಿದ ಬಿಸಿ ಹಾಲು. ಸ್ವಲ್ಪ ಹೊತ್ತಿಗೆ ಎದೆ ಬೆನ್ನುಗಳ ಮೇಲೆ ಗಂಧೆ. ಬೆವರು ದಿನವೂ ಸುರಿಯುವಂಥದು, ಅದರ ಮೇಲೆ ಯಾರಿಗೂ ಗುಮಾನಿಯಿಲ್ಲ. ಕೈಯಲ್ಲಿರುವ ಲೋಟ ಸಿಕ್ಕಿಬೀಳುತ್ತದೆ. ನಮ್ಮ ಹಿರಿಯರು ಇದಕ್ಕೆ ಕಾಕತಾಳೀಯ ನ್ಯಾಯವೆಂಬ ಒಳ್ಳೆಯ ಹೆಸರಿಟ್ಟಿದ್ದಾರೆ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಇನ್ನೂ ಒಂದು ಸೂಕ್ಷ್ಮವಿದೆ. ಹೊಗೆಯಾಡುವ ಹಾಲು, ಚಹ, ಸಾರು, ಯಾವುದೇ ಆಗಲಿ, ಮೈ ಕಾಯಿಸಿ ಬೆವರು ತರಬಲ್ಲದು. ಆಗ ಗಂಧೆ ಎಬ್ಬಿಸುವುದು ಹಾಲಿನ ಬಿಸಿ, ಹಾಲಲ್ಲ.

ಹಾಗೆಂದು ಆರೋಪವನ್ನು ಪೂರ್ತಿ ವಜಾಮಾಡುವಂತೆಯೂ ಇಲ್ಲ. ಆಹಾರವೂ ಆಯಾಸವೂ ಕೂಡಿದಾಗ ಮಾತ್ರ ಕೆರಳುವ ಅಪರೂಪದ ಒಂದು ಅಲರ್ಜಿಯಿದೆ. 1979ರಲ್ಲಿ, ಚಿಪ್ಪುಜೀವಿಯ ಆಹಾರ ಉಂಡ ಮೇಲೆ ಓಡಿದಾಗ ಮಾತ್ರ ಅಪಾಯಕ್ಕೀಡಾಗುತ್ತಿದ್ದ ಒಬ್ಬ ರೋಗಿಯ ವರದಿ ಪ್ರಕಟವಾಯಿತು. ಉಂಡು ಸುಮ್ಮನೆ ಕೂತರೆ ತೊಂದರೆಯಿಲ್ಲ. ಉಣ್ಣದೆ ಓಡಿದರೂ ತೊಂದರೆಯಿಲ್ಲ. ಎರಡೂ ಕೂಡಿದರೆ ಪ್ರಾಣಸಂಕಟ. ಇದರಲ್ಲಿ ಗೋದಿ, ಸಿಗಡಿಗಳ ಹೆಸರು ಮುಂದೆ. ಹಾಲಿನ ಹೆಸರು ವಿರಳವಾಗಿ ಬರುತ್ತದೆ. ಹಾಲಿನ ಅಲರ್ಜಿಯಿರುವ ಮಕ್ಕಳಿಗೆ ವೈದ್ಯರು ಹನಿಹನಿಯಾಗಿ ಹಾಲು ಕೊಟ್ಟು ಅಭ್ಯಾಸಮಾಡಿಸುವ ಚಿಕಿತ್ಸೆಯಲ್ಲಿಯೂ, ಹಾಲು ಕೊಟ್ಟ ಮೇಲೆ ಒಂದೆರಡು ಗಂಟೆ ಓಡಾಟ ಬೇಡವೆಂದು ಕಟ್ಟುನಿಟ್ಟು ಮಾಡುತ್ತಾರೆ. ಶಾಂತವಾಗಿ ಕೂತಾಗ ತಾಳಿಕೊಂಡ ಹಾಲನ್ನೇ ದೇಹ ಓಡಿದಾಗ ತಾಳದೆ ಹೋಗಬಹುದು. ಹಾಲಿಗೂ ಉಷ್ಣಕ್ಕೂ ನಿಜವಾದ ನಂಟು ಇರುವುದು ಈ ಕಿರಿದಾದ ಓಣಿಯಲ್ಲಿ. ಗಂಧೆಯ ಜೊತೆಗೆ ಉಸಿರು ಕಟ್ಟಿದರೆ, ತುಟಿ ನಾಲಗೆ ಊದಿದರೆ, ವಾಂತಿಯಾದರೆ, ತಲೆ ತಿರುಗಿ ಬಿದ್ದರೆ ಅದು ಪಿತ್ತವೆಂದು ಕೋಕಮ್ ನೀರು ಸವರುತ್ತ ಕೂರುವ ಹೊತ್ತಲ್ಲ. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಖಾನಾಪುರದ ಒಳನಾಡಿನ ಹಳ್ಳಿಗಳಿಂದ, ಮಳೆಗಾಲದಲ್ಲಿ, ಆಸ್ಪತ್ರೆ ಮುಟ್ಟಲು ಹಿಡಿಯುವ ಹೊತ್ತನ್ನು ನೆನೆದರೆ ಈ ಲಕ್ಷಣಗಳನ್ನು ಮೊದಲೇ ತಿಳಿದಿರುವುದರ ಬೆಲೆ ಗೊತ್ತಾಗುತ್ತದೆ. ಒಮ್ಮೆ ಹೀಗಾದವರು ಮನೆಯಲ್ಲಿ ಯಾವ ಪರೀಕ್ಷೆಯನ್ನೂ ಮಾಡಕೂಡದು.

ಉಳಿದವರು ಮಾಡಬಹುದಾದ ವಿಚಾರಣೆ ಸರಳವಾಗಿದೆ. ನಮ್ಮ ತರ್ಕಶಾಸ್ತ್ರ ಕಾರಣವನ್ನು ನಿಶ್ಚಯಿಸಲು ಅನ್ವಯ, ವ್ಯತಿರೇಕ ಎಂಬ ಎರಡು ಅಳತೆಗೋಲುಗಳನ್ನು ಕೊಟ್ಟಿದೆ. ಇದ್ದಾಗ ಇರಬೇಕು, ಇಲ್ಲದಾಗ ಇರಬಾರದು. ಎರಡು ವಾರ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ: ಗಂಧೆ ಎದ್ದ ಹೊತ್ತು, ಅದಕ್ಕೆ ಮುಂಚಿನ ಎರಡು ಮೂರು ಗಂಟೆಗಳಲ್ಲಿ ತಿಂದದ್ದು, ಕುಡಿದದ್ದು, ದುಡಿದದ್ದು, ಮಿಂದದ್ದು, ನುಂಗಿದ ಮಾತ್ರೆ. ಹಾಲಿಲ್ಲದ ದಿನವೂ ಬಿಸಿನೀರಿಗೆ ಗಂಧೆ ಏಳುತ್ತದೆಯೆ? ಆರಿದ ಹಾಲು ಕುಡಿದು ನೆರಳಲ್ಲಿ ಕೂತ ದಿನ ಏಳದೆ ಇರುತ್ತದೆಯೆ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಹಾಲೊಂದೇ ಕಾರಣವೆಂಬ ಆರೋಪ ನಿಲ್ಲುವುದಿಲ್ಲ. ಆಗಲೂ ಸಂಶಯ ಉಳಿದರೆ, ವೈದ್ಯರ ಸಲಹೆಯಂತೆ ಎರಡು ಮೂರು ವಾರ ಹಾಲನ್ನು ಪೂರ್ತಿ ಬಿಟ್ಟು, ಮತ್ತೆ ತೊಡಗಿ ನೋಡಬೇಕು. ನಮ್ಮ ಜನ ಬಿಡುವುದನ್ನು ಮಾಡುತ್ತಾರೆ. ಮತ್ತೆ ತೊಡಗುವುದನ್ನು ಮರೆಯುತ್ತಾರೆ. ಹಾಲು ಬಿಟ್ಟ ದಿನಗಳಲ್ಲಿಯೇ ಋತು ಬದಲಾಗಿ ಗಂಧೆ ಕಡಿಮೆಯಾದರೆ, ಆ ಕೀರ್ತಿ ಹಾಲು ಬಿಟ್ಟುದಕ್ಕೆ ಸಲ್ಲುತ್ತದೆ. ರಕ್ತ ಕೊಟ್ಟರೆ ಒಗ್ಗದ ಆಹಾರಗಳ ಉದ್ದ ಪಟ್ಟಿ ಕೊಡುವ ಐಜಿಜಿ ಪರೀಕ್ಷೆಗಳಿಗೂ ಮರುಳಾಗಬೇಕಿಲ್ಲ. ಅವು ಆಹಾರದ ಅಲರ್ಜಿಯನ್ನು ನಿರ್ಣಯಿಸಲು ತಕ್ಕವಲ್ಲವೆಂದು ಯುರೋಪಿನ ಅಲರ್ಜಿ ತಜ್ಞರ ಸಂಸ್ಥೆ 2008ರಲ್ಲಿಯೇ ಹೇಳಿದೆ.

ಉಷ್ಣದ ಗಂಧೆಗೆ ಚಿಕಿತ್ಸೆಯೂ ಇದೆ. ಹಿಸ್ಟಮಿನಿನ ಕೈ ಕಟ್ಟುವ, ನಿದ್ದೆಯನ್ನು ಅಷ್ಟಾಗಿ ತರದ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ಹಲವರಿಗೆ ಅವು ಸಾಕಾಗುತ್ತವೆ. ಸ್ನಾನದ ನೀರನ್ನು ಉಗುರುಬೆಚ್ಚಗಿಡುವುದು ಮನೆಯಲ್ಲಿಯೇ ಆಗುವ ಕೆಲಸ. ಕೆಲವರಿಗೆ, ವೈದ್ಯರ ಕಣ್ಗಾವಲಿನಲ್ಲಿ, ದಿನವೂ ಸ್ವಲ್ಪ ಸ್ವಲ್ಪ ಬೆವರುವ ಅಭ್ಯಾಸವೂ ಗುಣ ಕೊಡುತ್ತದೆ.

ಹಾಲು ಕುಡಿಯಲೇಬೇಕೆಂಬ ಹಟ ನನ್ನದಲ್ಲ. ಬೇಡವಾದವರಿಗೆ ಖಾನಾಪುರದ ಕಡೆ ನಾಚಣಿ ಎನ್ನುವ ರಾಗಿಯಿದೆ, ಎಳ್ಳಿದೆ. ಆದರೆ ಬೆಳೆಯುವ ಎಲುಬಿನ ವಯಸ್ಸಿನಲ್ಲಿ, ಬದಲಿಗೆ ಏನನ್ನೂ ಕೊಡದೆ, ಬರಿಯ ಗುಮಾನಿಯ ಮೇಲೆ ತಟ್ಟೆಯಿಂದ ಒಂದು ಅನ್ನವನ್ನು ಎತ್ತಿಬಿಡುವುದು ನ್ಯಾಯವಲ್ಲ. ಅದಕ್ಕಿಂತ ಕೆಟ್ಟದ್ದು, ಹಾಲು ಬಿಡಿಸಿದೆವೆಂಬ ನೆಮ್ಮದಿಯಲ್ಲಿ ನಿಜವಾದ ರೋಗಕ್ಕೆ ಮದ್ದು ಮಾಡದೆ, ಹುಡುಗನೊಬ್ಬನ ಆಟವನ್ನೂ ಹುಡುಗಿಯೊಬ್ಬಳ ನಿದ್ದೆಯನ್ನೂ ವರ್ಷಗಟ್ಟಲೆ ಗಂಧೆಗೆ ಒಪ್ಪಿಸಿಬಿಡುವುದು. 'ಒಗ್ಗುವುದಿಲ್ಲ' ಎಂಬ ಮಾತು ಮನೆಯಲ್ಲಿ ಕೇಳಿಬಂದಾಗ ಅದನ್ನು ತೀರ್ಪೆಂದು ತಿಳಿಯದೆ ಪ್ರಶ್ನೆಯೆಂದು ತಿಳಿಯೋಣ. ಯಾವುದು ಒಗ್ಗದು, ಹೊಟ್ಟೆಗೋ ಚರ್ಮಕ್ಕೋ, ಕೂತಾಗಲೋ ಬೆವರಿದಾಗಲೋ ಎಂದು ಕೇಳಿಕೊಂಡು ಹೊರಟರೆ, ವೈದ್ಯರ ಬಾಗಿಲಿಗೆ ಹೋಗುವ ಮುನ್ನವೇ ಅರ್ಧ ದಾರಿ ಸವೆದಿರುತ್ತದೆ.