ಪ್ರೌಢಬಾಲಕರ ವಾಚನಪತ್ರಿಕೆಯ ರಚನಾಕ್ರಮ

ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವನ್ನು ನಿರ್ಣಯಿಸುವುದು ಪೂರ್ವಿಕರ ಪದ್ಧತಿ. ಬಾಲಪತ್ರಿಕೆಗಳ ರಚನೆಯಲ್ಲಿ ಈ ಕ್ರಮವು ಬಹುಧಾ ತಲೆಕೆಳಗಾಗುವುದು. ವಿಷಯವು ಮೊದಲು ಕೂಡುವುದು, ಅಧಿಕಾರಿ ಯಾರೆಂಬ ವಿಚಾರವು ಕಡೆಗೆ ಉಳಿಯುವುದು. ಓದುವಿಕೆಯನ್ನೇ ವಿಷಯವಾಗಿ ಉಳ್ಳ ಪತ್ರಿಕೆಗೆ ಇದು ಬೇರಿಗೆ ಬಿದ್ದ ಕೊಡಲಿಯೇ ಸರಿ.

ಇಲ್ಲಿ ಅಧಿಕಾರಿಗಳು ೧೨ರಿಂದ ೧೬ ವರ್ಷದವರೆಗಿನ ಬಾಲಕ ಬಾಲಿಕೆಯರು. ಇವರಿಗೆ ಅಕ್ಷರಜ್ಞಾನವು ಸಿದ್ಧ, ಅರ್ಥಜ್ಞಾನವು ಸಾಧ್ಯ. ಕನ್ನಡದಲ್ಲಿ ಪಂಜೆ ಮಂಗೇಶರಾಯರೂ ಜಿ. ಪಿ. ರಾಜರತ್ನಂ ಅವರೂ ಎಳೆಯರ ನಾಲಗೆಗೆ ಒಗ್ಗುವ ಪದ್ಯಗಳನ್ನು ರಚಿಸಿದರು. ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲಪ್ರಪಂಚ’ದ ಮೂಲಕ ಲೋಕಜ್ಞಾನವನ್ನು ಮೂರು ಸಂಪುಟಗಳಲ್ಲಿ ಬೆಳೆದ ಮಕ್ಕಳ ಮುಂದಿಟ್ಟರು. ೧೯೪೭ರಲ್ಲಿ ಮದರಾಸಿನಲ್ಲಿ ತೆಲುಗು ತಮಿಳುಗಳಲ್ಲಿ ಮೊದಲು ಹೊರಟು, ಅನಂತರ ಕನ್ನಡಕ್ಕೂ ಬಂದ ‘ಚಂದಮಾಮ’ವು ಹಲವು ದಶಕಗಳ ಕಾಲ ಕಥಾರುಚಿಯನ್ನು ಬೆಳೆಸಿ ಈಗ ನಿಂತುಹೋಗಿದೆ. ಓದತಕ್ಕ ಪದಾರ್ಥವನ್ನು ಇವು ಒದಗಿಸಿದವು. ಓದುವ ಬಗೆಯನ್ನೇ ವಿವೇಚಿಸುವುದು ಇವುಗಳ ಉದ್ದೇಶವಾಗಿರಲಿಲ್ಲ. ಹೊಸ ಪತ್ರಿಕೆಗೆ ಇರುವ ಎಡೆಯು ಇದೇ.

ಓದುವ ಬಗೆಗೆ ಲಕ್ಷಣವು ಪ್ರಾಚೀನವಾದುದೇ. ಪಾಣಿನೀಯಶಿಕ್ಷೆಯು ಪಾಠಕನಿಗೆ ಆರು ಗುಣಗಳನ್ನು ಹೇಳುತ್ತದೆ: ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದಚ್ಛೇದ, ಸುಸ್ವರ, ಧೈರ್ಯ, ಲಯಸಾಮರ್ಥ್ಯ. ರಾಗವೆಳೆಯುವವನು, ಅವಸರಪಡುವವನು, ತಲೆಯಾಡಿಸುವವನು, ಬರೆದುದನ್ನು ನೋಡಿಯೇ ಓದುವವನು, ಅರ್ಥವರಿಯದವನು, ದನಿ ಕುಗ್ಗಿದವನು ಎಂಬ ಆರು ಮಂದಿ ಅಧಮಪಾಠಕರು. ಇಲ್ಲೊಂದು ಆಕ್ಷೇಪವು ಹುಟ್ಟುತ್ತದೆ: ಬರೆದುದನ್ನು ನೋಡಿ ಓದುವವನೇ ಅಧಮನಾದರೆ ಮುದ್ರಿತಪತ್ರಿಕೆಯಿಂದ ಉತ್ತಮಪಾಠಕನು ಹೇಗೆ ಸಿದ್ಧನಾದಾನು? ಸಮಾಧಾನವೇನೆಂದರೆ, ಆ ವಚನವು ಗುರುಮುಖವೇ ಪ್ರಮಾಣವಾಗಿದ್ದ ವೇದಾಧ್ಯಯನಕ್ಕೆ ಸೇರಿದುದು. ಅದರ ತಾತ್ಪರ್ಯವು ಲೇಖನದ ನಿಂದೆಯಲ್ಲ. ಪುಟ ಮುಚ್ಚಿದೊಡನೆ ಕೈ ಬರಿದಾಗುವ ಓದಿನ ನಿಂದೆ. ಆದುದರಿಂದ ಪ್ರತಿ ಲೇಖನದ ಕೊನೆಯಲ್ಲಿಯೂ ಪುಟವನ್ನು ಮುಚ್ಚಿ ಸಾರವನ್ನು ಸ್ವಂತ ಮಾತಿನಲ್ಲಿ ಹೇಳಿಸುವ ಪ್ರಶ್ನೆಗಳು ಇರತಕ್ಕದ್ದು.

ದೃಷ್ಟಾಂತಗಳನ್ನು ದೂರದಿಂದ ತರಬೇಕಾಗಿಲ್ಲ. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಕಾವೇರೀತೀರದ ರುದ್ರಪಟ್ಟಣವೊಂದೇ ಸಾಕು. ಅಲ್ಲಿ ೧೮೬೮ರಲ್ಲಿ ಜನಿಸಿದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಗ್ರಂಥಲಿಪಿಯ ತಾಳೆಯೋಲೆಗಳಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ತಾಳೆಯೋಲೆಯಲ್ಲಿ ಪದಗಳ ನಡುವೆ ಎಡೆಯಿರುವುದಿಲ್ಲ. ಎಲ್ಲಿ ಒಡೆಯಬೇಕೆಂಬುದನ್ನು ಓದುಗನ ಬುದ್ಧಿಯೇ ನಿಶ್ಚಯಿಸಬೇಕು. ಪದಚ್ಛೇದವು ಅರ್ಥದ ಬಾಗಿಲೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ? ಅದೇ ಊರಿನಲ್ಲಿ ೧೯೨೦ರಲ್ಲಿ ಜನಿಸಿದ ಸಂಗೀತವಿದ್ವಾಂಸ ಆರ್. ಕೆ. ಶ್ರೀಕಂಠನ್ ಅವರ ಗಾಯನವು ಸಾಹಿತ್ಯದ ಶುದ್ಧೋಚ್ಚಾರಣೆಗೆ ಹೆಸರಾದುದು. ಅಕ್ಷರವ್ಯಕ್ತಿ, ಸುಸ್ವರ, ಲಯಗಳಿಗೆ ಅದು ಲಕ್ಷ್ಯ. ಒಂದೇ ಗ್ರಾಮವು ಕಣ್ಣಿನ ಓದಿಗೂ ಕಿವಿಯ ಓದಿಗೂ ಮಾದರಿಯನ್ನು ಕೊಟ್ಟಿದೆ. ತಮ್ಮ ಊರಿನಲ್ಲಿಯೇ ಇಂತಹ ಓದು ನಡೆದಿತ್ತೆಂದು ತಿಳಿದ ಮಕ್ಕಳಿಗೆ ಓದು ಪರೀಕ್ಷೆಯ ಹೊರೆಯಾಗಿ ಮಾತ್ರ ತೋರದು.

ಇನ್ನು ಆಕಾರ. ೨೦ ಅಂಗುಲ ಅಗಲ ೩೦ ಅಂಗುಲ ಉದ್ದದ ಹಾಳೆಯನ್ನು ಮೂರು ಸಲ ಮಡಿಸಿದರೆ ೮ ಎಲೆ, ಅಂದರೆ ೧೬ ಪುಟಗಳಾಗುವುವು. ಎರಡು ಹಾಳೆಗಳಿಗೆ ೩೨ ಪುಟ. ಹಾಳೆ ವ್ಯರ್ಥವಾಗದಂತೆ ಈ ಲೆಕ್ಕಕ್ಕೇ ವಿಷಯವನ್ನು ಹೊಂದಿಸುವುದು ಯುಕ್ತ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೂ ಗುಡಿಸು ಮೊದಲಾದುವು ಮೇಲಕ್ಕೂ ಚಾಚುವುದರಿಂದ ಸಾಲುಗಳ ನಡುವೆ ಧಾರಾಳವಾದ ಅಂತರವನ್ನು ಬಿಡಬೇಕು. ಕಿರಿದಾದ ಅಂಕಣಗಳಲ್ಲಿ ದೀರ್ಘಸಮಾಸಗಳು ಅಡ್ಡಾದಿಡ್ಡಿಯಾಗಿ ತುಂಡಾಗುವುವು. ಪದಚ್ಛೇದವನ್ನು ಬೋಧಿಸುವ ಪತ್ರಿಕೆಯೇ ಪದವನ್ನು ಅಸ್ಥಾನದಲ್ಲಿ ಮುರಿಯುವುದು ಉಪಹಾಸಾಸ್ಪದ. ಆದಕಾರಣ ಒಂದೇ ಅಂಕಣವು ಲೇಸು.

ಪುಟಗಳ ವಿಭಾಗವು ಹೀಗಿರಬಹುದು: ಕಥೆ ಮತ್ತು ಪ್ರಬಂಧಗಳಿಗೆ ೧೨, ಗಮಕವಾಚನಕ್ಕೆ ತಕ್ಕ ಕಾವ್ಯಭಾಗ ಹಾಗೂ ಗಟ್ಟಿಯಾಗಿ ಓದುವ ಗದ್ಯಕ್ಕೆ ೬, ಲಿಪಿ, ಪದಚ್ಛೇದ, ನಿಘಂಟುವಿನ ಬಳಕೆಗಳಿಗೆ ೪, ಮಕ್ಕಳೇ ಬರೆದ ಪುಸ್ತಕವಿಮರ್ಶೆಗೆ ೬, ಪುಟ ಮುಚ್ಚಿ ಉತ್ತರಿಸುವ ಪ್ರಶ್ನೆಗಳಿಗೆ ೪. ವಿಮರ್ಶೆಯಲ್ಲಿ ಪುಸ್ತಕವು ಹಿಡಿಸಲಿಲ್ಲವೆನ್ನುವ ಸ್ವಾತಂತ್ರ್ಯವೂ ಬಾಲಕನಿಗೆ ಇರಬೇಕು. ಆದರೆ ಏಕೆಂಬುದನ್ನು ಆ ಪುಸ್ತಕದ ಒಂದು ಪುಟವನ್ನು ತೋರಿಸಿ ಹೇಳಬೇಕು. ಹೊಗಳಿಕೆಯನ್ನು ಮಾತ್ರ ಕಲಿಸಿದರೆ ತಲೆಯಾಡಿಸುವ ಪಾಠಕನೇ ಇನ್ನೊಂದು ರೂಪದಿಂದ ಹುಟ್ಟುವನು.

ಸಂಬಂಧವೆಂದರೆ ಪತ್ರಿಕೆಗೂ ಓದುಗನಿಗೂ ಇರುವ ನಂಟು. ಗ್ರಾಮದ ಶಾಲೆಗೆ ಒಂದೇ ಪ್ರತಿ ಬರಬಹುದು. ಒಬ್ಬನು ಓದಿ ಹತ್ತು ಮಂದಿ ಕೇಳುವಂತೆ ಅದು ರಚಿತವಾಗಿದ್ದರೆ ಆ ಒಂದು ಪ್ರತಿಯೇ ಹನ್ನೊಂದಾಗುವುದು. ಪ್ರಯೋಜನವಾದರೋ ಅರ್ಥವರಿತು ಓದುವ ಪೀಳಿಗೆಯು ಬೆಳೆಯುವುದು. ಓಲೆಗಳು ಕೋಶಾಗಾರದಲ್ಲಿ ಭದ್ರವಾಗಿದ್ದರೂ ಅವನ್ನು ಒಡೆದು ಓದಬಲ್ಲವನು ಇಲ್ಲದಿದ್ದರೆ ಅವು ಒಣಗಿದ ಎಲೆಗಳೇ. ಮುದ್ರಿತಪುಸ್ತಕದ ಗತಿಯೂ ಇದಕ್ಕಿಂತ ಬೇರೆಯಲ್ಲ.