ಪಾಚಿಯೂ ಕಲೆಯೂ

ಮಳೆಗಾಲದಲ್ಲಿ ಬಾವಿಕಟ್ಟೆಯ ಮೇಲೆ ಕಾಲಿಟ್ಟು ಜಾರಿಬಿದ್ದವರಿಗೆ ಪಾಚಿಯ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾದುದಿಲ್ಲ. ಆ ಪಾಚಿಯೇ ಇಂದು ನಗರದ ಮನೆಗಳ ಈಜುಕೊಳಗಳಲ್ಲಿಯೂ ಬಂದು ನೆಲಸಿದೆ. ನಮ್ಮ ಲಿಂಗಂಪಲ್ಲಿಯ ಸುತ್ತಮುತ್ತ ಎದ್ದಿರುವ ವಸತಿ ಕಟ್ಟಡಗಳಲ್ಲಿ ಈಜುಕೊಳವುಳ್ಳವು ಅನೇಕ. ನಮ್ಮ ವಿದ್ಯಾರ್ಥಿಗಳಲ್ಲಿ ಅಲ್ಲಿ ಈಜುವವರು ಕೆಲವರೇ ಇರಬಹುದು. ಆದರೆ ಅವುಗಳನ್ನು ಉಜ್ಜಿ ತೊಳೆಯುವವರ ಮಕ್ಕಳೂ ಇದ್ದಾರು. ಕೊಳವಿಲ್ಲದ ಮನೆಯಲ್ಲಿಯೂ ನೀರಿನ ತೊಟ್ಟಿಯಂತೂ ಇರುವುದಷ್ಟೆ. ಆದುದರಿಂದ ಈ ವಿಷಯವು ಎಲ್ಲರೂ ತಿಳಿಯತಕ್ಕದ್ದು.

ಗೋಡೆಗೆ ಅಂಟಿದುದೆಲ್ಲವನ್ನೂ ನಾವು ಕೊಳೆಯೆಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ತಪ್ಪು ಅಲ್ಲಿಂದಲೇ ಮೊದಲಾಗುತ್ತದೆ. ಪಾಚಿಯು ಜೀವವುಳ್ಳದ್ದು, ಕಲೆಯು ಜೀವವಿಲ್ಲದ್ದು. ಒಂದಕ್ಕೆ ಮದ್ದಾದುದು ಮತ್ತೊಂದಕ್ಕೆ ಮದ್ದಲ್ಲ. ಆ ಎರಡು ಮದ್ದುಗಳು ಒಂದೆಡೆ ಸೇರಿದರೆ ಅದು ವಿಷವೇ ಸರಿ.

ಪಾಚಿಯು ಗಿಡಮರಗಳಂತೆಯೇ ಬಿಸಿಲಿನ ಬಲದಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಳಕು, ನಿಂತ ನೀರು, ಸ್ವಲ್ಪ ಬೆಚ್ಚಗಿನ ಹವೆ, ಉದುರಿದ ಎಲೆ ಮತ್ತು ಧೂಳಿನಿಂದ ದೊರೆಯುವ ಸಾರಜನಕ, ರಂಜಕ, ಇಷ್ಟಿದ್ದರೆ ಸಾಕು. ಇದರಲ್ಲಿ ಬಗೆಗಳುಂಟು. ನೀರನ್ನೆಲ್ಲ ಹಸುರು ಮಾಡುವುದು ಒಂದು. ಗಾರೆಯ ಸಂದುಗಳಲ್ಲಿ ಕಪ್ಪು ಚುಕ್ಕೆಗಳಾಗಿ ಕೂಡುವುದು ಮತ್ತೊಂದು. ಇದರ ಮೇಲೆ ಲೋಳೆಯ ಕವಚವಿರುವುದರಿಂದ ಮದ್ದು ಸುಲಭವಾಗಿ ಒಳಗೆ ಇಳಿಯದು. ಮೊದಲು ಗಟ್ಟಿಯಾದ ಬ್ರಷ್ಷಿನಿಂದ ಉಜ್ಜಿ ಆ ಕವಚವನ್ನು ಹರಿಯಬೇಕು.

ಇನ್ನು ಕಲೆಗಳು. ಹೈದರಾಬಾದು ಕಗ್ಗಲ್ಲಿನ ನೆಲ. ಇಲ್ಲಿನ ಅನೇಕ ಕೊಳವೆಬಾವಿಗಳ ನೀರು ಗಡಸು. ನೀರು ಆವಿಯಾದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶವು ನೀರಿನ ಮಟ್ಟದ ಗೆರೆಯಲ್ಲಿ ಬಿಳಿಯ ಪೊರೆಯಾಗಿ ನಿಲ್ಲುತ್ತದೆ. ಕಬ್ಬಿಣದ ಅಂಶವಿದ್ದರೆ ಕಂದು ಕಲೆ ಬೀಳುತ್ತದೆ. ಪಾಚಿಯನ್ನು ಕೊಲ್ಲಲೆಂದು ಮೈಲುತುತ್ತವನ್ನು ಮಿತಿಮೀರಿ ಹಾಕಿದರೆ ಅದರ ತಾಮ್ರವೇ ಹಸುರು ನೀಲಿ ಕಲೆಯಾಗಿ ಉಳಿಯುತ್ತದೆ. ಉದುರಿದ ಎಲೆಗಳೂ ತಮ್ಮ ಕಂದು ಬಣ್ಣವನ್ನು ಗಾರೆಗೆ ಬಿಡುತ್ತವೆ.

ಇವುಗಳನ್ನು ಗುರುತಿಸುವ ಬಗೆ ಹೇಗೆ? ಬೆರಳಿನಿಂದ ತಿಕ್ಕಿ ನೋಡಿರಿ. ಜಾರುತ್ತ ಎದ್ದುಬಂದರೆ ಅದು ಪಾಚಿ. ಹಾಗೆಯೇ ಉಳಿದರೆ ಔಷಧದ ಅಂಗಡಿಯ ವಿಟಮಿನ್ ಸಿ ಗುಳಿಗೆಯೊಂದನ್ನು ಕಲೆಯ ಮೇಲೆ ಒತ್ತಿ ಹಿಡಿಯಿರಿ. ಕಲೆ ತಿಳಿಯಾದರೆ ಅದು ಲೋಹದ್ದು. ಹಿತ್ತಾಳೆಯ ಚೊಂಬನ್ನು ತಾಯಂದಿರು ಹುಣಿಸೆಹಣ್ಣಿನಿಂದ ಬೆಳಗುವುದು ಇದೇ ತತ್ತ್ವದ ಮೇಲೆ. ಹುಳಿಯು ಲೋಹದ ಕಿಲುಬನ್ನು ಕರಗಿಸುತ್ತದೆ. ಸುಣ್ಣದ ಪೊರೆಯನ್ನೂ ಕರಗಿಸುತ್ತದೆ. ಪಾಚಿಗೆ ಮಾತ್ರ ಕ್ಲೋರಿನ್ ಬೇಕು.

ಈ ಭೇದವನ್ನು ನಾವು ಅರಿತದ್ದು ಪೆಟ್ಟು ತಿಂದ ಮೇಲೆ. ಒಂದು ಬೇಸಗೆಯಲ್ಲಿ ಮನೆಯ ಮಾಳಿಗೆಯ ತೊಟ್ಟಿಯಲ್ಲಿ ಕಂದು ಕಲೆಯನ್ನು ಕಂಡು, ಪಾಚಿಯೆಂದೇ ಬಗೆದು, ಚಲುವೆ ಪುಡಿಯನ್ನು, ಎಂದರೆ ಬ್ಲೀಚಿಂಗ್ ಪೌಡರನ್ನು ಧಾರಾಳವಾಗಿ ಸುರಿದೆವು. ಮರುದಿನ ಕಲೆ ಹೋಗುವುದಿರಲಿ, ಮತ್ತಷ್ಟು ಕಪ್ಪಾಗಿತ್ತು. ನೀರಿನಲ್ಲಿ ಕರಗಿದ್ದ ಕಬ್ಬಿಣವನ್ನು ಕ್ಲೋರಿನ್ನು ತುಕ್ಕಾಗಿ ಮಾರ್ಪಡಿಸಿತ್ತೆಂಬುದು ಆಗ ಹೊಳೆಯಲಿಲ್ಲ. ತಾಳ್ಮೆಗೆಟ್ಟು ಬಚ್ಚಲು ತೊಳೆಯುವ ಆಸಿಡನ್ನು ತಂದು ಅದರ ಮೇಲೆಯೇ ಹೊಯ್ದೆವು. ಕೂಡಲೇ ಎದ್ದ ಹೊಗೆಯಂಥ ಗಾಳಿಯಿಂದ ಕಣ್ಣು ಉರಿದು, ಗಂಟಲು ಕಟ್ಟಿ, ಏಣಿಯಿಂದ ಇಳಿಯುವುದೇ ಕಷ್ಟವಾಯಿತು. ತೊಟ್ಟಿಯ ಬಾಯಲ್ಲಿ ಬಗ್ಗಿ ನಿಂತಿದ್ದೆವೇ ಹೊರತು ಒಳಗೆ ಇಳಿದಿರಲಿಲ್ಲ. ಇಳಿದಿದ್ದರೆ ಈ ಲೇಖನವನ್ನು ಬರೆಯಲು ನಾವಿರುತ್ತಿರಲಿಲ್ಲವೋ ಏನೋ. ಚಲುವೆ ಪುಡಿಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಹೊರಬೀಳುತ್ತದೆ. 1915ರ ಏಪ್ರಿಲಿನಲ್ಲಿ ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಗಾಳಿಯು ಇದೇ. ಪಾಠ ಹೇಳುವವರಾದ ನಾವೇ ಇದನ್ನು ಮರೆತೆವೆಂದು ಹೇಳಲು ನಾಚಿಕೆಯಾದರೂ, ನಿಮ್ಮ ಹಿತಕ್ಕಾಗಿ ಹೇಳಿದ್ದೇವೆ.

ಈಗ ಸರಿಯಾದ ಕ್ರಮವನ್ನು ನೋಡೋಣ. 8 ಮೀಟರು ಉದ್ದ, 4 ಮೀಟರು ಅಗಲ, 1.5 ಮೀಟರು ಆಳವುಳ್ಳ ಕೊಳವೊಂದಿದೆಯೆನ್ನೋಣ. ಅದರ ನೀರು 48 ಘನ ಮೀಟರು, ಎಂದರೆ 48,000 ಲೀಟರು. ಹಸುರುಗಟ್ಟಿದ ಕೊಳಕ್ಕೆ ಲೀಟರಿಗೆ 10 ಮಿಲಿಗ್ರಾಂ ಕ್ಲೋರಿನ್ ಹಾಕುವ ವಾಡಿಕೆಯುಂಟು. ಆ ಲೆಕ್ಕದಿಂದ 480 ಗ್ರಾಂ ಬೇಕು. ಪುಡಿಯಲ್ಲಿ ನೂರಕ್ಕೆ 30 ಪಾಲು ಕ್ಲೋರಿನ್ ಇದ್ದರೆ 1.6 ಕಿಲೋಗ್ರಾಂ ಪುಡಿಯಾಯಿತು. ಹಳೆಯ ಪುಡಿ ಸತ್ವ ಕಳೆದುಕೊಂಡಿರುವುದರಿಂದ ಹೊಸದನ್ನೇ ತರಬೇಕು. ಪುಡಿಯನ್ನು ಬಕೆಟ್ಟಿನ ನೀರಿಗೆ ಹಾಕಬೇಕಲ್ಲದೆ ಪುಡಿಯ ಮೇಲೆ ನೀರು ಸುರಿಯಬಾರದು. ಗಸಿ ತಳಕ್ಕೆ ಇಳಿದ ಬಳಿಕ ತಿಳಿಯನ್ನು ಮಾತ್ರ ಕೊಳಕ್ಕೆ ಬೆರಸಬೇಕು. ಗಸಿಯೂ ಹೋದರೆ ಬಿಳಿಯ ಕಲೆ ಬೇರೆ ಬೀಳುತ್ತದೆ.

ಈ ಕೆಲಸಕ್ಕೆ ಸೂರ್ಯಾಸ್ತದ ಹೊತ್ತೇ ಯುಕ್ತ. ಬಿಸಿಲಿಗೆ ಕ್ಲೋರಿನ್ ಬೇಗ ನಾಶವಾಗುತ್ತದೆ. ಗೋಡೆಗಳನ್ನು ಮೊದಲೇ ಉಜ್ಜಿ, ರಾತ್ರಿಯೆಲ್ಲ ಸೋಸುವ ಯಂತ್ರವನ್ನು ನಡೆಸಿ, ಬೆಳಿಗ್ಗೆ ಸತ್ತ ಪಾಚಿಯನ್ನು ತೆಗೆದುಹಾಕಬೇಕು. ಕ್ಲೋರಿನ್ ಲೀಟರಿಗೆ 3 ಮಿಲಿಗ್ರಾಮಿಗೆ ಇಳಿಯುವವರೆಗೆ ಯಾರೂ ನೀರಿಗೆ ಇಳಿಯಕೂಡದು. ತರುವಾಯ 1ರಿಂದ 3 ಮಿಲಿಗ್ರಾಂ ಇದ್ದರೆ ಸಾಕು. ನೀರಿನ ಪಿ.ಎಚ್. ಅಂಕವು 7.2ರಿಂದ 7.8ರೊಳಗೆ ಇರಬೇಕು, ಅದಕ್ಕಿಂತ ಏರಿದಂತೆ ಕ್ಲೋರಿನ್ನಿನ ಬಲ ಕುಂದುತ್ತದೆ.

ಮದ್ದಿನ ಮೇಲೆ ಮದ್ದು ಹಾಕುವ ಆತುರಕ್ಕೆ ದೊಡ್ಡವರೂ ಹೊರತಲ್ಲ. 2016ರಲ್ಲಿ ರಿಯೊ ನಗರದ ಒಲಿಂಪಿಕ್ ಕ್ರೀಡೆಗಳ ಸಮಯದಲ್ಲಿ ಕ್ಲೋರಿನ್ ಇದ್ದ ಕೊಳಕ್ಕೆ 80 ಲೀಟರು ಹೈಡ್ರೊಜನ್ ಪೆರಾಕ್ಸೈಡ್ ಹಾಕಿದರು. ಅದು ಕ್ಲೋರಿನ್ನನ್ನು ನಿಷ್ಫಲಗೊಳಿಸಿತು. ಲೋಕವೆಲ್ಲ ನೋಡುತ್ತಿರುವಾಗಲೇ ನೀರು ಹಸುರಾಯಿತು.

ಮನೆಯ ತೊಟ್ಟಿಗೆ ಇನ್ನೂ ಸುಲಭವಾದ ಉಪಾಯವುಂಟು: ಮುಚ್ಚಳ. ಬೆಳಕಿಲ್ಲದೆಡೆ ಪಾಚಿ ಬೆಳೆಯದು. ಸುಣ್ಣದ ಅಥವಾ ಕಬ್ಬಿಣದ ಕಲೆಯಿದ್ದರೆ ತೊಟ್ಟಿಯನ್ನು ಬರಿದು ಮಾಡಿ, ಚೆನ್ನಾಗಿ ತೊಳೆದು, ನಿಂಬೆರಸದಿಂದಲೋ ವಿನೆಗರಿನಿಂದಲೋ ಉಜ್ಜಿ, ಮತ್ತೆ ತೊಳೆಯಿರಿ. ನೆಲದೊಳಗಿನ ಸಂಪಿಗೆ ಮಾತ್ರ ನೀವು ಇಳಿಯಲೇಬೇಡಿರಿ. ಮುಚ್ಚಿದ ಗುಂಡಿಯಲ್ಲಿ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ಒಬ್ಬರು ಒಳಗೆ ಬಿದ್ದರೆಂದು ಎತ್ತಲು ಇಳಿದ ಮತ್ತೊಬ್ಬರೂ ಸತ್ತ ಸಂಗತಿಗಳು ನಮ್ಮ ದೇಶದಲ್ಲಿ ಹಲವು ನಡೆದಿವೆ.

ತೊಳೆದ ನೀರನ್ನು ಎಲ್ಲಿಗೆ ಬಿಡಬೇಕೆಂಬುದೂ ಯೋಚಿಸತಕ್ಕ ವಿಷಯವೇ. ಲಿಂಗಂಪಲ್ಲಿಯಲ್ಲಿ ಗೋಪಿ ಚೆರುವು ಎಂಬ ಕೆರೆಯಿದೆ. ಕ್ಲೋರಿನ್ನಿನ ನೀರು ಕೆರೆಗೆ ಸೇರಿದರೆ ಅಲ್ಲಿನ ಮೀನುಗಳಿಗೆ ಕೇಡು. ಆ ನೀರನ್ನು ಕೆಲವು ದಿನ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಹೋದ ಮೇಲೆಯೇ ಹೊರಗೆ ಬಿಡುವುದು ಲೇಸು.

ನಿಮ್ಮ ತಂದೆಯವರೋ ಅಣ್ಣಂದಿರೋ ಇಂಥ ಕೆಲಸಕ್ಕೆ ಹೋಗುವವರಾದರೆ ಈ ಸಂಜೆಯೇ ಅವರಿಗೆ ಎರಡು ಮಾತುಗಳನ್ನು ಓದಿ ಹೇಳಿರಿ: ಚಲುವೆ ಪುಡಿಗೂ ಆಸಿಡಿಗೂ ಎಂದಿಗೂ ಸೇರಿಕೆ ಕೂಡದು, ಮುಚ್ಚಿದ ಸಂಪಿಗೆ ಯಾರೂ ಇಳಿಯಕೂಡದು. ಕಲೆ ಒಂದು ದಿನ ತಡವಾಗಿ ಹೋದರೆ ನಷ್ಟವೇನೂ ಇಲ್ಲ.